ಕಿತ್ತಳೆ ಬಣ್ಣವೂ ಬೇಕು, ಹಿಟ್ಟೂ ಬೇಕು: ಗೆಣಸಿನ ಹೊಸ ತಳಿ ಹುಟ್ಟುವ ಬಗೆ

ಬೆಂದ ಗೆಣಸನ್ನು ಎರಡಾಗಿ ಮುರಿದರೆ ಸಾಕು, ಅದರ ಯೋಗ್ಯತೆ ಗೊತ್ತಾಗುತ್ತದೆ. ಒಳಗೆ ಹಿಟ್ಟು ಹಿಟ್ಟಾಗಿ ಬಿರಿದಿದ್ದರೆ ಒಳ್ಳೆಯ ಗೆಣಸು. ಬೆರಳಿಗೆ ಮೆತ್ತಿಕೊಂಡು ಲೊಳಲೊಳ ಅಂದರೆ ಸಂಕ್ರಾಂತಿಯ ದಿನ ಅವರೆಕಾಯಿ, ಕಡಲೆಕಾಯಿಯನ್ನು ಆರಿಸಿ ತಿಂದವರು ಅದನ್ನು ತಟ್ಟೆಯ ಅಂಚಿಗೆ ಸರಿಸುತ್ತಾರೆ. ಉಗಾಂಡದಲ್ಲೂ ಮೊಜಾಂಬಿಕ್‌ನಲ್ಲೂ ದೊಡ್ಡವರ ಬಾಯಿರುಚಿ ಹೀಗೆಯೇ. ಅಲ್ಲಿ ಗೆಣಸು ಹಬ್ಬದ ತಿನಿಸಲ್ಲ, ಹೊಟ್ಟೆ ತುಂಬಿಸುವ ಊಟ. ಹಾಗಾಗಿ ಅವರ ಪರೀಕ್ಷೆ ನಮ್ಮದಕ್ಕಿಂತ ಬಿಗಿ.

ತಳಿ ಅಭಿವೃದ್ಧಿ ಮಾಡುವವರು ಈ ಹಿಟ್ಟುತನವನ್ನು ಒಣಾಂಶ ಎಂಬ ಅಂಕಿಯಲ್ಲಿ ಹಿಡಿಯುತ್ತಾರೆ. ನೂರು ಗ್ರಾಂ ಹಸಿಗೆಣಸಿನಿಂದ ನೀರೆಲ್ಲ ಆರಿಸಿದ ಮೇಲೆ ಉಳಿಯುವ ತೂಕವೇ ಒಣಾಂಶ. ಪೂರ್ವ ಆಫ್ರಿಕಾದ ಜನ ಒಪ್ಪುವ ಗೆಣಸಿನಲ್ಲಿ ಅದು ಸುಮಾರು ಶೇ 30 ಇರಬೇಕು. ಅಮೆರಿಕದ ಅಂಗಡಿಗಳಲ್ಲಿ ಸಿಗುವ ಕಡು ಕಿತ್ತಳೆ ತಿರುಳಿನ ಗೆಣಸಿನಲ್ಲಿ ಶೇ 20ರ ಆಸುಪಾಸು. ಈ ಹತ್ತು ಅಂಕಗಳ ಅಂತರವನ್ನು ತುಂಬಲು ಎರಡು ದಶಕಗಳಷ್ಟು ಕೆಲಸ ಹಿಡಿಯಿತು. ಗೆಣಸಿನಲ್ಲಿ ಎರಡು ಗಿಡ ಸಂಕರ ಮಾಡುವುದು ಕೆಲವು ಬೆಳಗ್ಗೆಗಳ ಕೆಲಸ. ಹುಟ್ಟಿದ ಸಾವಿರಾರು ಮಕ್ಕಳಲ್ಲಿ ಯಾವುದನ್ನು ಎಸೆಯಬೇಕು ಎಂದು ತಿಳಿಯುವುದೇ ನಿಜವಾದ ತಳಿ ವಿಜ್ಞಾನ.

ಕಿತ್ತಳೆ ಬಣ್ಣದ ಹಿಂದೆ ಬಿದ್ದದ್ದೇಕೆ

ತಿರುಳಿಗೆ ಕಿತ್ತಳೆ ಬಣ್ಣ ಕೊಡುವುದು ಬೀಟಾ ಕ್ಯಾರೊಟಿನ್. ನಮ್ಮ ದೇಹ ಅದನ್ನು ವಿಟಮಿನ್ ಎ ಆಗಿ ಬದಲಾಯಿಸಿಕೊಳ್ಳುತ್ತದೆ. ಆ ವಿಟಮಿನ್ ಕೊರತೆಯಾದ ಮಕ್ಕಳಿಗೆ ಮೊದಲು ಇರುಳುಗುರುಡು, ಆಮೇಲೆ ಕಣ್ಣಿನ ಕರಿಗುಡ್ಡೆಗೇ ಹಾನಿ. ಕಣ್ಣಿಗೆ ಕಾಣದ ಇನ್ನೊಂದು ಕೆಡುಕೆಂದರೆ ಸೋಂಕು ತಡೆಯುವ ಶಕ್ತಿಯೇ ಕುಗ್ಗಿ, ದಡಾರ, ಭೇದಿಯಂಥ ಕಾಯಿಲೆಗಳು ಪ್ರಾಣಕ್ಕೆ ಎರವಾಗುತ್ತವೆ. ಬಿಳಿ ತಿರುಳಿನ ಗೆಣಸಿನಲ್ಲಿ ಬೀಟಾ ಕ್ಯಾರೊಟಿನ್ ಲೆಕ್ಕಕ್ಕೆ ಸಿಗದಷ್ಟು ಕಡಿಮೆ.

ಕಿತ್ತಳೆ ಗೆಣಸಿನಲ್ಲಿ ಎಷ್ಟು? ನಮ್ಮ ದೇಶದ್ದೇ ತಳಿ ತೆಗೆದುಕೊಳ್ಳೋಣ. ತಿರುವನಂತಪುರದ ಶ್ರೀಕಾರ್ಯಂನಲ್ಲಿ 1963ರಲ್ಲಿ ಆರಂಭವಾದ ಕೇಂದ್ರೀಯ ಗೆಡ್ಡೆ ಬೆಳೆಗಳ ಸಂಶೋಧನಾ ಸಂಸ್ಥೆ ಒಡಿಶಾಕ್ಕೆಂದು 2017ರಲ್ಲಿ ಬಿಡುಗಡೆಯಾದ ‘ಭೂ ಸೋನಾ’ ತಳಿಯನ್ನು ರೂಪಿಸಿತು. ಅದರ ನೂರು ಗ್ರಾಂಗೆ 14 ಮಿಲಿಗ್ರಾಂ ಬೀಟಾ ಕ್ಯಾರೊಟಿನ್. ಪೌಷ್ಟಿಕತೆಯ ಲೆಕ್ಕದಲ್ಲಿ 12 ಭಾಗ ಬೀಟಾ ಕ್ಯಾರೊಟಿನ್‌ಗೆ 1 ಭಾಗ ವಿಟಮಿನ್ ಎ. ಅಂದರೆ 14 ಮಿಲಿಗ್ರಾಂ ಎಂಬುದು ಸುಮಾರು 1,170 ಮೈಕ್ರೋಗ್ರಾಂ ವಿಟಮಿನ್ ಆಯಿತು. ಬೇಯಿಸುವಾಗ ಐದರಲ್ಲಿ ಒಂದು ಪಾಲು ಹೋಯಿತೆಂದರೂ 930 ಉಳಿಯುತ್ತದೆ. ಮೂರು ವರ್ಷದೊಳಗಿನ ಮಗುವಿಗೆ ದಿನಕ್ಕೆ ಬೇಕಾದದ್ದು 400ರ ಸುಮಾರು. ಒಂದು ಸಣ್ಣ ಗೆಣಸಿನ ಅರ್ಧ ಸಾಕು. ಜೊತೆಗೆ ಒಂದು ಚಮಚ ಎಣ್ಣೆಯೋ ತುಪ್ಪವೋ ಬೇಕು, ಏಕೆಂದರೆ ಕ್ಯಾರೊಟಿನ್ ಕರಗುವುದು ಜಿಡ್ಡಿನಲ್ಲಿ.

ಇಷ್ಟು ಸುಲಭದ ಲೆಕ್ಕ ಇದ್ದರೆ ಅಮೆರಿಕದ ಕಿತ್ತಳೆ ಗೆಣಸಿನ ಬಳ್ಳಿಯನ್ನೇ ತಂದು ಆಫ್ರಿಕಾದಲ್ಲಿ ನೆಡಬಹುದಿತ್ತಲ್ಲ? ನೆಟ್ಟರು. ಹಲವು ಕಡೆ ಬಳ್ಳಿ ನಂಜುರೋಗಕ್ಕೆ ಮುದುಡಿತು, ಬೇಸಿಗೆಗೆ ಒಣಗಿತು, ಬದುಕಿದ್ದನ್ನು ಬೇಯಿಸಿದರೆ ನೀರು ನೀರು. ಮೂರೂ ತೊಂದರೆಗೆ ಪರಿಹಾರ ಒಂದೇ: ಅಲ್ಲಿನ ನಾಟಿ ಗೆಣಸಿನ ಗಟ್ಟಿತನಕ್ಕೆ ಹೊರಗಿನ ಬಣ್ಣ ಸೇರಿಸುವುದು.

ಬೀಜ ಬೇರೆ, ಬಳ್ಳಿ ಬೇರೆ

ರೈತ ಗೆಣಸು ನೆಡುವುದು ಬಳ್ಳಿಯ ತುಂಡಿನಿಂದ. ಒಂದು ಬಳ್ಳಿಯಿಂದ ಕತ್ತರಿಸಿದ ನೂರು ತುಂಡು ನೆಟ್ಟರೆ ನೂರೂ ಒಂದೇ ಜೀವದ ನಕಲು. ಆದರೆ ಅದೇ ಬಳ್ಳಿಯಲ್ಲಿ ಹೂ ಬಿಟ್ಟು ಬೀಜ ಕಟ್ಟಿದರೆ ಒಂದೊಂದು ಬೀಜವೂ ಒಂದೊಂದು ಹೊಸ ತಳಿ. ಅಣ್ಣತಮ್ಮಂದಿರಲ್ಲೂ ಹೋಲಿಕೆ ಕಡಿಮೆ: ಒಂದರ ಸಿಪ್ಪೆ ಕೆಂಪು, ಇನ್ನೊಂದರದು ಬಿಳಿ, ಮತ್ತೊಂದರಲ್ಲಿ ಗೆಡ್ಡೆಯೇ ಇಲ್ಲ, ಬರೀ ಬೇರು.

ಇದಕ್ಕೆ ಕಾರಣ ವರ್ಣತಂತುಗಳ ಸಂಖ್ಯೆ. ನಮ್ಮಲ್ಲಿ ಪ್ರತಿ ವಂಶವಾಹಿಗೂ ಎರಡು ಪ್ರತಿ, ಗೆಣಸಿನಲ್ಲಿ ಆರು. ಹದಿನೈದು ಬಗೆಯ ವರ್ಣತಂತು, ಒಂದೊಂದೂ ಆರಾರು, ಒಟ್ಟು 90. ಎರಡು ಗೆಣಸು ಕೂಡಿದಾಗ ಎರಡೂ ಕಡೆಯಿಂದ ಮೂರು ಮೂರು ಪ್ರತಿ ಬರುತ್ತವೆ, ಯಾವ ಮೂರು ಎಂಬುದು ಇಸ್ಪೀಟಿನ ಕಲೆಸಾಟ. ಒಳ್ಳೆಯ ತಾಯಿ, ಒಳ್ಳೆಯ ತಂದೆ ಎಂದ ಮಾತ್ರಕ್ಕೆ ಮಕ್ಕಳು ಒಳ್ಳೆಯವಾಗುವುದಿಲ್ಲ. ಆದರೆ ಸಾವಿರದಲ್ಲಿ ಒಂದು ಅದ್ಭುತ ಮಗು ಸಿಕ್ಕಿತೆನ್ನಿ, ಅದನ್ನು ಮತ್ತೆ ಬೀಜಕ್ಕೆ ಬಿಟ್ಟು ಹದಗೆಡಿಸಬೇಕಿಲ್ಲ. ಬಳ್ಳಿ ಕತ್ತರಿಸಿ ನೆಟ್ಟರೆ ಆಯಿತು, ಅದೇ ಗುಣ ಹಾಗೇ ಮುಂದುವರಿಯುತ್ತದೆ. ಭತ್ತ, ಜೋಳದಲ್ಲಿ ತಳಿಯನ್ನು ಸ್ಥಿರಗೊಳಿಸಲು ಆರೇಳು ತಲೆಮಾರು ಸವೆಸುವವರಿಗೆ ಇದನ್ನು ಕಂಡರೆ ಹೊಟ್ಟೆಕಿಚ್ಚಾಗಬೇಕು.

ಸಂಕರ ಮಾಡುವ ಕೆಲಸ

ಮೊದಲ ತೊಡಕು ಹೂವಿನದು. ಹಗಲು ಚಿಕ್ಕದಾದ ಕಾಲದಲ್ಲಿ ಗೆಣಸು ಹೂ ಬಿಡುತ್ತದೆ, ಆದರೆ ಕೆಲವು ತಳಿಗಳು ಯಾವ ಕಾಲಕ್ಕೂ ಬಿಡುವುದಿಲ್ಲ. ಅಂಥ ಬಳ್ಳಿಯ ಕುಡಿಯನ್ನು ಅದರ ನೆಂಟ ಮಾರ್ನಿಂಗ್ ಗ್ಲೋರಿಯ ಕಾಂಡಕ್ಕೆ ಕಸಿ ಕಟ್ಟುತ್ತಾರೆ. ಆ ಗಿಡಕ್ಕೆ ಗೆಡ್ಡೆ ಕಟ್ಟುವ ಗುಣ ಇಲ್ಲ. ಎಲೆ ತಯಾರಿಸಿದ ಸಕ್ಕರೆ ಕೆಳಗೆ ಸಂಗ್ರಹವಾಗದೆ ಮೇಲೆಯೇ ಉಳಿದು ಹೂವಿಗೆ ಒದಗುತ್ತದೆ. ಬಳ್ಳಿಯನ್ನು ನೆಲದ ಮೇಲೆ ಹರಡಲು ಬಿಡದೆ ಕೋಲಿಗೋ ತಂತಿಗೋ ಹಬ್ಬಿಸಿದರೂ ಹೂ ಹೆಚ್ಚು, ಕೈಗೂ ಸುಲಭ.

ಗೆಣಸಿನ ಹೂ ಮುಂಜಾನೆ ಅರಳಿ ಬಿಸಿಲೇರುವ ಹೊತ್ತಿಗೆ ಬಾಡುತ್ತದೆ. ಹಾಗಾಗಿ ಕೆಲಸ ಹಿಂದಿನ ಸಂಜೆಯೇ ಶುರು. ಮಾರನೆಯ ದಿನ ಅರಳಲಿರುವ ಮೊಗ್ಗನ್ನು ಗುರುತು ಹಿಡಿಯಬೇಕು: ಉದ್ದವಾಗಿ, ತುದಿ ತಿರುಚಿಕೊಂಡು, ಬಣ್ಣ ಇಣುಕುತ್ತಿರುತ್ತದೆ. ತಾಯಿ ಗಿಡದ ಮೊಗ್ಗಿನ ಪಕ್ಕವನ್ನು ಸೀಳಿ ಐದೂ ಪರಾಗಕೋಶಗಳನ್ನು ಚಿಮುಟದಿಂದ ಕಿತ್ತು, ಮೇಲೆ ಕಾಗದದ ಕೊಳವೆಯನ್ನೋ ಹುಲ್ಲುಕಡ್ಡಿಯ ತುಂಡನ್ನೋ ತೊಡಿಸುತ್ತಾರೆ. ತಂದೆ ಗಿಡದ ಮೊಗ್ಗಿನ ತುದಿಗೆ ದಾರ ಕಟ್ಟಿ ಬಿಗಿದರೆ ಸಾಕು, ಜೇನು ಒಳಗೆ ನುಗ್ಗದು. ಬೆಳಗ್ಗೆ ತಂದೆ ಹೂವನ್ನು ಬಿಡಿಸಿ ಪರಾಗವನ್ನು ತಾಯಿಯ ಶಲಾಕೆಯ ತುದಿಗೆ ಸವರಿ, ಮತ್ತೆ ಮುಚ್ಚಿ, ತಂದೆ ತಾಯಿಯ ಹೆಸರು ಮತ್ತು ತಾರೀಖು ಬರೆದ ಚೀಟಿ ಕಟ್ಟುತ್ತಾರೆ. ಚೀಟಿಯನ್ನು ಸೀಸದ ಕಡ್ಡಿಯಲ್ಲೇ ಬರೆಯಬೇಕು. ಪೆನ್ನಿನ ಶಾಯಿ ಮಳೆಗೆ ತೊಳೆದುಹೋದರೆ ಇಡೀ ಋತುವಿನ ಲೆಕ್ಕ ಅನಾಥ.

ಗೆಣಸು ತನ್ನದೇ ಪರಾಗವನ್ನು ಸಾಮಾನ್ಯವಾಗಿ ಒಪ್ಪುವುದಿಲ್ಲ. ಈ ಗುಣವನ್ನೇ ನಂಬಿ ಎಷ್ಟೋ ಕಡೆ ಪರಾಗಕೋಶ ಕೀಳುವ ಗೊಡವೆಗೆ ಹೋಗುವುದಿಲ್ಲ. ಅದಕ್ಕೂ ಸುಲಭದ ದಾರಿ ಎಂದರೆ ಆಯ್ದ ಇಪ್ಪತ್ತು ಮೂವತ್ತು ತಳಿಗಳನ್ನು ಒಂದೇ ತಾಕಿನಲ್ಲಿ ಬೆರೆಸಿ ನೆಟ್ಟು ಜೇನುಹುಳುಗಳಿಗೆ ಕೆಲಸ ಒಪ್ಪಿಸುವುದು. ಆಗ ತಾಯಿ ಯಾರೆಂದು ಗೊತ್ತಿರುತ್ತದೆ, ತಂದೆ ಯಾರೆಂದು ಗೊತ್ತಿರುವುದಿಲ್ಲ. ಹೂ ಜಾಸ್ತಿ ಬಿಡುವ ಒಂದೆರಡು ತಳಿಗಳೇ ಎಲ್ಲಕ್ಕೂ ತಂದೆಯಾಗಿಬಿಡುವ ಅಪಾಯ ಇಲ್ಲಿ ಇದೆ. ಇನ್ನೊಂದು ತೊಂದರೆ ಎಂದರೆ ಒಂದೇ ಗುಂಪಿನ ತಳಿಗಳು ಪರಸ್ಪರ ಕೂಡದಿರುವುದು. ನೂರು ಹೂ ಸವರಿದರೂ ಒಂದು ಕಾಯಿ ನಿಲ್ಲದಿದ್ದರೆ ಕೈಚಳಕವನ್ನು ಬೈಯುವ ಮೊದಲು ಜೋಡಿಯನ್ನೇ ಬದಲಾಯಿಸಿ ನೋಡಬೇಕು.

ಕಾಯಿ ನಿಂತರೂ ಒಂದರಲ್ಲಿ ಹೆಚ್ಚೆಂದರೆ ನಾಲ್ಕು ಬೀಜ, ಸಾಮಾನ್ಯವಾಗಿ ಒಂದೋ ಎರಡೋ. ಒಂದು ಸಾವಿರ ಬೀಜ ಬೇಕಿದ್ದರೆ ಎಷ್ಟು ಬೆಳಗ್ಗೆ ಬೇಕು ಎಂದು ಓದುಗರೇ ಎಣಿಸಬಹುದು. ನಾಲ್ಕರಿಂದ ಆರು ವಾರಕ್ಕೆ ಕಾಯಿ ಒಣಗಿ ಕಂದಾಗುತ್ತದೆ. ಬೀಜದ ಹೊರಚಿಪ್ಪು ಕಲ್ಲಿನಂಥದ್ದು, ಹಾಗೇ ಬಿತ್ತಿದರೆ ನೀರು ಒಳಗೆ ಇಳಿಯದೆ ತಿಂಗಳುಗಟ್ಟಲೆ ಮಲಗಿರುತ್ತದೆ. ಸ್ವಲ್ಪ ಬೀಜವಿದ್ದರೆ ಮೊಳಕೆಯ ಕಣ್ಣು ತಪ್ಪಿಸಿ ಬ್ಲೇಡಿನಿಂದ ಚಿಪ್ಪಿಗೆ ಕಚ್ಚು ಹಾಕುತ್ತಾರೆ. ರಾಶಿ ಬೀಜವಿದ್ದರೆ ಗಾಜಿನ ಪಾತ್ರೆಯಲ್ಲಿ ಸಾಂದ್ರ ಗಂಧಕಾಮ್ಲ ಸುರಿದು 20ರಿಂದ 40 ನಿಮಿಷ ಬಿಟ್ಟು, ಆಮ್ಲವನ್ನು ಬಸಿದು, ಹರಿಯುವ ನೀರಿನಲ್ಲಿ ಹತ್ತು ನಿಮಿಷ ತೊಳೆಯಬೇಕು. ಹೊತ್ತು ಕಡಿಮೆಯಾದರೆ ಚಿಪ್ಪು ಸವೆಯದು, ಹೆಚ್ಚಾದರೆ ಮೊಳಕೆಯೇ ಸುಟ್ಟುಹೋಗುತ್ತದೆ. ಆದ್ದರಿಂದ ಪ್ರತಿ ಹೊಸ ಗುಂಪಿನಲ್ಲಿ ಹತ್ತು ಹದಿನೈದು ಬೀಜ ಬಲಿ ಕೊಟ್ಟು ಹೊತ್ತು ಗೊತ್ತು ಮಾಡಿಕೊಳ್ಳುತ್ತಾರೆ. ಕೈಗವಸು, ಕನ್ನಡಕ ಇಲ್ಲದೆ ಆಮ್ಲದ ಹತ್ತಿರ ಹೋಗಬಾರದು, ಆಮ್ಲ ಉಳಿದ ಪಾತ್ರೆಗೆ ನೀರು ಹುಯ್ಯಬಾರದು. ಸಿಡಿಯುತ್ತದೆ.

ಬೀಜದಿಂದ ಬಂದ ಸಸಿಯ ಗೆಡ್ಡೆಯನ್ನು ನೋಡಿ ತೀರ್ಪು ಕೊಡುವಂತಿಲ್ಲ. ಸಸಿಗೆ ತಾಯಿಬೇರು ಇರುತ್ತದೆ, ಬಳ್ಳಿ ತುಂಡಿಗೆ ಇರುವುದಿಲ್ಲ, ಎರಡೂ ಗೆಡ್ಡೆ ಕಟ್ಟುವ ರೀತಿಯೇ ಬೇರೆ. ಸಸಿ ಬೆಳೆದು ಬಳ್ಳಿಯಾದ ಮೇಲೆ ತುಂಡು ತೆಗೆದು ನೆಟ್ಟಾಗಲೇ ನಿಜವಾದ ಪರೀಕ್ಷೆ ಆರಂಭ.

ಎಸೆಯುವ ಕಲೆ

ಮೊದಲ ಸುತ್ತಿನಲ್ಲಿ ಒಂದು ತಳಿಗೆ ಸಿಗುವುದು ಒಂದು ಮೀಟರ್ ಉದ್ದದ ಸಾಲು, ಮೂರ್ನಾಲ್ಕು ತುಂಡು. ಹಳೆಯ ಕ್ರಮದಲ್ಲಿ ಇಷ್ಟನ್ನೂ ಒಂದೇ ಊರಿನಲ್ಲಿ ನೆಟ್ಟು, ಅಲ್ಲಿ ಗೆದ್ದವನ್ನು ಮುಂದಿನ ವರ್ಷ ಎರಡು ಊರಿಗೆ, ಅದರ ಮುಂದಿನ ವರ್ಷ ನಾಲ್ಕು ಊರಿಗೆ ಒಯ್ಯುತ್ತಿದ್ದರು. ಏಳೆಂಟು ವರ್ಷ ಹಿಡಿಯುತ್ತಿತ್ತು. ಪೆರುವಿನ ಲಿಮಾದಲ್ಲಿ 1971ರಲ್ಲಿ ಸ್ಥಾಪನೆಯಾದ ಅಂತರರಾಷ್ಟ್ರೀಯ ಆಲೂಗಡ್ಡೆ ಕೇಂದ್ರ ಗೆಣಸಿನ ಕೆಲಸವನ್ನೂ ನೋಡಿಕೊಳ್ಳುತ್ತದೆ. ಅಲ್ಲಿನವರು ಈ ಕ್ರಮವನ್ನೇ ತಿರುಗಿಸಿದರು. ಮೊದಲ ವರ್ಷವೇ ಅದೇ ಮೂರು ತುಂಡಿನ ಸಾಲನ್ನು ಮೂರ್ನಾಲ್ಕು ಊರುಗಳಲ್ಲಿ ಏಕಕಾಲಕ್ಕೆ ನೆಡುವುದು. ಒಂದು ಮಳೆ ಚೆನ್ನಾಗಿರುವ ಊರು, ಒಂದು ಬರದ ಊರು, ಒಂದು ನಂಜುರೋಗದ ತವರು. ಒಂದೇ ಊರಿನಲ್ಲಿ ನಾಲ್ಕು ವರ್ಷ ಕಾದು ತಿಳಿಯುವುದನ್ನು ನಾಲ್ಕು ಊರುಗಳು ಒಂದೇ ವರ್ಷದಲ್ಲಿ ತಿಳಿಸುತ್ತವೆ. ಹೊಸ ತಳಿ ಹೊರಬರುವ ಕಾಲ ನಾಲ್ಕೈದು ವರ್ಷಕ್ಕೆ ಇಳಿಯಿತು.

ಈ ಅವಸರ ಎಲ್ಲ ಗುಣಕ್ಕೂ ಒಗ್ಗುವುದಿಲ್ಲ ಎಂಬುದನ್ನು ಮರೆಯಬಾರದು. ತಿರುಳಿನ ಬಣ್ಣ ಊರು ಬದಲಾದರೂ ಹೆಚ್ಚು ಬದಲಾಗದು. ಒಂದು ಗೆಡ್ಡೆ ಕತ್ತರಿಸಿ ಬಣ್ಣದ ಪಟ್ಟಿಯ ಪಕ್ಕ ಹಿಡಿದರೆ ಕ್ಯಾರೊಟಿನ್ ಎಷ್ಟಿರಬಹುದೆಂಬ ಅಂದಾಜು ಸಿಕ್ಕೇಬಿಡುತ್ತದೆ. ಇಳುವರಿಯ ಮಾತು ಹಾಗಲ್ಲ. ಮಣ್ಣು, ನೀರು, ಪಕ್ಕದ ಸಾಲಿನ ಪೈಪೋಟಿ ಎಲ್ಲ ಸೇರಿ ಮೂರು ಗಿಡದ ತೂಕವನ್ನು ಹೇಗೆ ಬೇಕಾದರೂ ಆಡಿಸುತ್ತವೆ. ಅನುಭವಸ್ಥರು ಮೊದಲ ಸುತ್ತಿನಲ್ಲಿ ಬಣ್ಣ, ಆಕಾರ, ರೋಗ ನೋಡಿ ಧೈರ್ಯವಾಗಿ ಎಸೆಯುತ್ತಾರೆ, ತೂಕ ನೋಡಿ ಎಸೆಯುವಾಗ ಕೈ ಹಿಡಿಯುತ್ತಾರೆ.

ಮುಂದಿನ ಸುತ್ತುಗಳಲ್ಲಿ ನಾಲ್ಕು ಸಾಲಿನ ತಾಕು ಮಾಡಿ ನಡುವಿನ ಎರಡು ಸಾಲನ್ನಷ್ಟೇ ತೂಗುತ್ತಾರೆ. ಅಂಚಿನ ಸಾಲಿಗೆ ಬಿಸಿಲು ಹೆಚ್ಚು, ಅಥವಾ ಪಕ್ಕದ ತಾಕಿನ ಬಳ್ಳಿ ಬಂದು ಮುಚ್ಚಿರುತ್ತದೆ, ಅದರ ಲೆಕ್ಕ ಹಿಡಿದರೆ ಮೋಸ. ಇಳುವರಿಯ ಲೆಕ್ಕದಲ್ಲಿ ಇನ್ನೊಂದು ಕಳ್ಳ ದಾರಿ ಇದೆ. 60 ಸೆಂಟಿಮೀಟರ್ ಅಂತರದ ದಿಂಡಿನ ಮೇಲೆ 20 ಸೆಂಟಿಮೀಟರಿಗೊಂದರಂತೆ ನೆಟ್ಟರೆ ಹೆಕ್ಟೇರಿಗೆ 83,000 ಗಿಡ. ಗಿಡಕ್ಕೆ ಕಾಲು ಕಿಲೋ ಬಂದರೂ 20 ಟನ್ ದಾಟುತ್ತದೆ. ಆದರೆ ಪ್ರಯೋಗದಲ್ಲಿ ಸತ್ತ ಗಿಡಗಳನ್ನು ಬಿಟ್ಟು, ಬದುಕಿದ ಗಿಡದ ಸರಾಸರಿಯನ್ನು 83,000ದಿಂದ ಗುಣಿಸಿದರೆ ಸೊರಗಿದ ತಳಿಯೂ ಶೂರನಂತೆ ಕಾಣುತ್ತದೆ. ಗಿಡ ಸತ್ತದ್ದು ತಳಿಯ ದೋಷವೇ ಇದ್ದೀತು. ತೂಗುವಾಗಲೂ 100 ಗ್ರಾಂಗಿಂತ ಸಣ್ಣವನ್ನು ಬೇರೆ ಇಡಬೇಕು. ಅವು ಮಾರಾಟಕ್ಕೆ ನಿಲ್ಲುವುದಿಲ್ಲ.

ಒಣಾಂಶ ಅಳೆಯುವುದು ಕಷ್ಟದ್ದಲ್ಲ, ಕೆಡಿಸುವುದೂ ಕಷ್ಟವಲ್ಲ. ಅತಿ ದೊಡ್ಡದೂ ಅತಿ ಚಿಕ್ಕದೂ ಅಲ್ಲದ ನಾಲ್ಕೈದು ಗೆಡ್ಡೆ ತೊಳೆದು, ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ, ಉದ್ದಕ್ಕೆ ನಾಲ್ಕು ಸೀಳು ಮಾಡಿ, ಎದುರುಬದುರಿನ ಎರಡು ಸೀಳನ್ನು ಸಣ್ಣಗೆ ಹೆಚ್ಚಬೇಕು. ಅದರಲ್ಲಿ 100 ಗ್ರಾಂ ತೂಗಿ 80 ಡಿಗ್ರಿಯ ಒಲೆಪೆಟ್ಟಿಗೆಯಲ್ಲಿ 48 ಗಂಟೆ ಒಣಗಿಸಿ, ತೂಕ ಇಳಿಯುವುದು ನಿಂತ ಮೇಲೆ ಮತ್ತೆ ತೂಗಬೇಕು. ನಡುವಿನ ಒಂದು ಬಿಲ್ಲೆ ಮಾತ್ರ ತೆಗೆದರೆ ತಪ್ಪು ಉತ್ತರ, ಏಕೆಂದರೆ ಗೆಡ್ಡೆಯ ತುದಿಗೂ ನಡುವಿಗೂ ಒಣಾಂಶ ಒಂದೇ ಅಲ್ಲ. ಜೋರು ಮಳೆಯ ಮಾರನೆಯ ದಿನ ಕಿತ್ತರೆ ಎಲ್ಲವೂ ನೀರು ಕುಡಿದಿರುತ್ತವೆ. ಒಂದು ತಳಿಯನ್ನು ಮಳೆಗೆ ಮುಂಚೆ, ಇನ್ನೊಂದನ್ನು ಮಳೆಯಾದ ಮೇಲೆ ಕಿತ್ತು ಹೋಲಿಸುವುದು ಪ್ರಯೋಗವಲ್ಲ.

ಕಬ್ಬಿಣ, ಸತುವಿನ ಅಂಶ ಅಳೆಯುವಾಗ ಶತ್ರು ಮಣ್ಣು. ಗೆಡ್ಡೆ ಮಣ್ಣಿನಲ್ಲೇ ಬೆಳೆದದ್ದು, ಸಿಪ್ಪೆಯ ಸಂದಿನಲ್ಲಿ ಚಿಟಿಕೆ ಕೆಮ್ಮಣ್ಣು ಉಳಿದರೂ ಕಬ್ಬಿಣದ ಅಂಕಿ ಮೇಲಕ್ಕೆ ಹಾರುತ್ತದೆ. ಅದಕ್ಕಾಗಿ ಅದೇ ಮಾದರಿಯಲ್ಲಿ ಅಲ್ಯೂಮಿನಿಯಂ ಅನ್ನೂ ಅಳೆಯುತ್ತಾರೆ. ಮಣ್ಣಿನಲ್ಲಿ ಅದು ಯಥೇಚ್ಛ, ಗೆಡ್ಡೆಯಲ್ಲಿ ತೀರ ಕಡಿಮೆ. ಅಲ್ಯೂಮಿನಿಯಂ ಹೆಚ್ಚಿದ್ದರೆ ಆ ಕಬ್ಬಿಣ ಹೊಲದ್ದು, ಗೆಣಸಿನದಲ್ಲ.

ಬಣ್ಣಕ್ಕೂ ಹಿಟ್ಟಿಗೂ ಏಕೆ ಜಗಳ

ಕಿತ್ತಳೆ ಹೆಚ್ಚಿದಂತೆ ಹಿಟ್ಟು ಕಡಿಮೆಯಾಗುವುದನ್ನು ಎಲ್ಲರೂ ಕಂಡಿದ್ದರು, ಕಾರಣ ಗೊತ್ತಿರಲಿಲ್ಲ. ಅಮೆರಿಕದ ಲೂಸಿಯಾನದಿಂದ 1987ರಲ್ಲಿ ಬಂದ ಕಿತ್ತಳೆ ತಳಿ ‘ಬೋರೆಗಾರ್ಡ್’, ಪೂರ್ವ ಆಫ್ರಿಕಾದ ಹಿಟ್ಟುಗೆಣಸು ‘ಟಾಂಜಾನಿಯಾ’ ಇವೆರಡರ ಮಕ್ಕಳನ್ನು ವಂಶವಾಹಿ ಮಟ್ಟದಲ್ಲಿ ಪರೀಕ್ಷಿಸಿದಾಗ ಗುಟ್ಟು ಹೊರಬಿತ್ತು. ಕ್ಯಾರೊಟಿನ್ ತಯಾರಿಯ ಮೊದಲ ಮೆಟ್ಟಿಲಿನ ಕಿಣ್ವ ಒಂದು, ಸಕ್ಕರೆಯನ್ನು ಒಡೆದು ಪಿಷ್ಟದ ದಾರಿಗೆ ತಿರುಗಿಸುವ ಕಿಣ್ವ ಇನ್ನೊಂದು. ಈ ಎರಡರ ವಂಶವಾಹಿಗಳೂ ವರ್ಣತಂತುವಿನ ಮೇಲೆ ನೆರೆಮನೆಯವು. ಬಣ್ಣ ಕೊಡುವ ರೂಪವನ್ನು ಆರಿಸಿದರೆ ಪಿಷ್ಟ ಕಡಿಮೆ ಮಾಡುವ ರೂಪವೂ ಅದರ ಸೆರಗು ಹಿಡಿದು ಬರುತ್ತದೆ.

ನೆರೆಮನೆ ಎಂದರೆ ಒಂದೇ ಮನೆಯಲ್ಲ, ಅದೇ ಸಮಾಧಾನ. ಪರಾಗ, ಅಂಡಾಣು ರೂಪುಗೊಳ್ಳುವಾಗ ವರ್ಣತಂತುಗಳು ತುಂಡಾಗಿ ಅದಲುಬದಲಾಗುತ್ತವೆ. ಆ ತುಂಡು ಸರಿಯಾಗಿ ಇವೆರಡರ ನಡುವೆ ಬಿದ್ದರೆ ನಂಟು ಕಡಿಯುತ್ತದೆ. ಅಪರೂಪ, ಆದರೆ ಅಸಾಧ್ಯವಲ್ಲ. ಸಾವಿರಾರು ಬೀಜ ಬೇಕಾಗುವುದು ಇದಕ್ಕೇ. ಕಿತ್ತಳೆಯೂ ಆಗಿ ಹಿಟ್ಟೂ ಆಗಿರುವ ಒಂದು ಗಿಡ ಸಿಕ್ಕರೆ ಅದು ಮುಂದಿನ ಸುತ್ತಿಗೆ ತಾಯಿ. ಅದರ ಮಕ್ಕಳಲ್ಲಿ ಅಂಥವು ಹೆಚ್ಚು, ಅವುಗಳ ಮಕ್ಕಳಲ್ಲಿ ಇನ್ನೂ ಹೆಚ್ಚು.

ನಂಜುರೋಗದ ಜೋಡಿ ಹೊಡೆತ

ಆಫ್ರಿಕಾದ ಗೆಣಸನ್ನು ಹಾಳು ಮಾಡುವುದು ಎರಡು ವೈರಸ್‌ಗಳ ಕೂಟ. ಒಂದು ಗಿಡಹೇನಿನಿಂದ ಹರಡುತ್ತದೆ, ಒಂಟಿಯಾಗಿದ್ದರೆ ಬಳ್ಳಿ ಅದನ್ನು ಅದುಮಿಟ್ಟುಕೊಳ್ಳುತ್ತದೆ. ಇನ್ನೊಂದು ಬಿಳಿ ನೊಣದಿಂದ ಹರಡುವಂಥದ್ದು. ಈ ಎರಡನೆಯದು ಗಿಡದ ರಕ್ಷಣಾ ವ್ಯವಸ್ಥೆಯನ್ನೇ ನಿಷ್ಕ್ರಿಯಗೊಳಿಸುವ ಕಿಣ್ವವೊಂದನ್ನು ತಯಾರಿಸುತ್ತದೆ. ಆಗ ಮೊದಲನೆಯದಕ್ಕೆ ಹಬ್ಬ. ಎಲೆ ಸಣ್ಣದಾಗಿ, ಬಿಳಿಚಿ, ಸುರುಟಿ, ಶೇ 90ರವರೆಗೂ ಇಳುವರಿ ಹೋಗುತ್ತದೆ.

ಉಗಾಂಡದ ನಮುಲೊಂಗೆ ಸಂಶೋಧನಾ ಕೇಂದ್ರದ ಸುತ್ತ ಈ ರೋಗದ ಒತ್ತಡ ವಿಪರೀತ, ತಳಿ ಪರೀಕ್ಷೆಗೆ ಅದೇ ವರ. ಅಲ್ಲಿ ರಾಬರ್ಟ್ ಮ್ವಾಂಗಾ ಅವರ ತಂಡ ರೂಪಿಸಿದ ತಳಿಗಳಿಗೆಲ್ಲ ನಮುಲೊಂಗೆಯ ಹೆಸರು ಹೊತ್ತ ‘ನಾಸ್ಪಾಟ್’ ಸಂಖ್ಯೆಗಳಿವೆ. 2007ರಲ್ಲಿ ಬಂದ ಕಿತ್ತಳೆ ತಿರುಳಿನ ‘ನಾಸ್ಪಾಟ್ 10 ಒ’ ಜನರ ಬಾಯಲ್ಲಿ ‘ಕಬೋಡೆ’ ಆಗಿದೆ. ಒಂದು ಹಂಗಾಮು ಹಸಿರಾಗಿದ್ದರೆ ನಿರೋಧಕ ಎಂದು ನಂಬುವಂತಿಲ್ಲ. ಅದೇ ಬಳ್ಳಿಯನ್ನು ಮೂರ್ನಾಲ್ಕು ಹಂಗಾಮು ಮರುನಾಟಿ ಮಾಡುತ್ತ ಹೋದಾಗ ಒಳಗೆ ವೈರಸ್ ಕೂಡಿಕೊಂಡು ಇಳುವರಿ ಕುಸಿಯುತ್ತದೆಯೇ ಎಂದು ನೋಡಬೇಕು. ಹೊರಗೆ ಲಕ್ಷಣ ತೋರಿಸದೆ ವೈರಸ್ ಹೊತ್ತ ಬಳ್ಳಿಯನ್ನು ಪತ್ತೆ ಹಚ್ಚಲು ಮತ್ತೆ ಗೆಣಸಿನ ನೆಂಟರೇ ಬೇಕು. ಐಪೋಮಿಯ ಸೆಟೋಸ ಎಂಬ ಬಳ್ಳಿಗೆ ಅನುಮಾನದ ಕುಡಿಯನ್ನು ಕಸಿ ಕಟ್ಟಿದರೆ ಎರಡು ಮೂರು ವಾರದಲ್ಲಿ ಅದರ ಎಲೆಯ ನರಗಳು ಬಿಳಿಚುತ್ತವೆ.

ಮೂತಿಹುಳುವಿನ ಮಾತು ಬಂದಾಗ ತಳಿ ವಿಜ್ಞಾನ ಇಷ್ಟು ಎದೆ ತಟ್ಟಿಕೊಳ್ಳುವಂತಿಲ್ಲ. ಈ ಹುಳು ಕೊರೆದ ಗೆಣಸು ಕಹಿಯಾಗುತ್ತದೆ, ದನ ಕೂಡ ಮೂಸುವುದಿಲ್ಲ. ಉಗಾಂಡದ ‘ನ್ಯೂ ಕವೋಗೊ’ ಎಂಬ ತಳಿಯ ಸಿಪ್ಪೆಯ ಮೇಲಿನ ಕೆಲವು ರಾಸಾಯನಿಕಗಳು ಹುಳುವಿಗೆ ಆಗಿಬರುವುದಿಲ್ಲ ಎಂಬುದು ತಿಳಿದಿದೆ. ಆದರೆ ಪೂರ್ತಿ ತಡೆಯುವ ತಳಿ ರೈತರ ಕೈಗೆ ಬಂದಿಲ್ಲ. ಅಲ್ಲಿಯವರೆಗೆ ನಾಟಿಯಾದ 30 ಮತ್ತು 60ನೇ ದಿನ ಬುಡಕ್ಕೆ ಮಣ್ಣೇರಿಸಿ ನೆಲದ ಬಿರುಕು ಮುಚ್ಚುವುದು, ಹೆಣ್ಣುಹುಳುವಿನ ವಾಸನೆಯಿಂದ ಗಂಡುಹುಳುಗಳನ್ನು ಸೆಳೆಯುವ ಮೋಹಕ ಬಲೆ ಕಟ್ಟುವುದು, ಬೆಳೆದದ್ದನ್ನು ಹೊಲದಲ್ಲಿ ಉಳಿಸದೆ ಕೀಳುವುದು, ಇಷ್ಟೇ ದಾರಿ. ನೆಲದ ಆಳದಲ್ಲಿ ಗೆಡ್ಡೆ ಕಟ್ಟುವ ತಳಿಗಳು ಸ್ವಲ್ಪ ತಪ್ಪಿಸಿಕೊಳ್ಳುತ್ತವೆ, ಆದರೆ ಅವನ್ನು ಅಗೆಯುವವರ ಸೊಂಟಕ್ಕೆ ಕಷ್ಟ.

ಬಳ್ಳಿ ಉಳಿಯದಿದ್ದರೆ ತಳಿ ಉಳಿಯದು

ಮೊಜಾಂಬಿಕ್‌ನಲ್ಲಿ ಐದಾರು ತಿಂಗಳು ಮಳೆ ಇರುವುದಿಲ್ಲ. ಕೊಯ್ಲಾದ ಮೇಲೆ ಬಳ್ಳಿ ಒಣಗಿ, ಮುಂದಿನ ಮಳೆಗೆ ನೆಡಲು ತುಂಡೇ ಸಿಗುವುದಿಲ್ಲ. ಮರಿಯಾ ಆಂದ್ರಾದೆ ಅವರು ಅಲ್ಲಿ ಬರ ತಡೆಯುವ ಗುಣಕ್ಕೇ ಒತ್ತು ಕೊಟ್ಟು ಆಯ್ಕೆ ಮಾಡಿದರು. 2011ರಲ್ಲಿ ಒಂದೇ ಬಾರಿಗೆ 15 ಕಿತ್ತಳೆ ತಳಿಗಳು ಬಿಡುಗಡೆಯಾದವು. ಇಳುವರಿಯ ಪಟ್ಟಿಯಲ್ಲಿ ಮೊದಲಿದ್ದರೂ ಬೇಸಿಗೆಯಲ್ಲಿ ಬುಡದಿಂದ ಮತ್ತೆ ಚಿಗುರದ ತಳಿಗೆ ಅಲ್ಲಿ ಬೆಲೆಯಿಲ್ಲ. ಆಂದ್ರಾದೆ, ಮ್ವಾಂಗಾ, ಇದನ್ನು ಮಕ್ಕಳ ಊಟದ ತಟ್ಟೆಗೆ ಸೇರಿಸಿ ಪರಿಣಾಮ ಅಳೆದ ಜ್ಯಾನ್ ಲೋ, ಬೆಳೆಯಲ್ಲೇ ಪೋಷಕಾಂಶ ತುಂಬುವ ಯೋಜನೆಗೆ ರೂಪ ಕೊಟ್ಟ ಹಾವರ್ತ್ ಬೂಯಿಸ್, ಈ ನಾಲ್ವರಿಗೆ 2016ರ ವಿಶ್ವ ಆಹಾರ ಪ್ರಶಸ್ತಿ ಸಂದಿತು.

ಬಳ್ಳಿ ಉಳಿಸಲು ಅಲ್ಲಿ ಹಳ್ಳಿಗಳಲ್ಲಿ ಪ್ರಚಾರಕ್ಕೆ ತಂದ ಒಂದು ವಿಧಾನ ನಮ್ಮ ಬಯಲುಸೀಮೆಗೂ ಹೊಂದುತ್ತದೆ. ಕೊಯ್ಲಿನಲ್ಲಿ ಹುಳುಕಿಲ್ಲದ, ಗಾಯವಿಲ್ಲದ ಮಧ್ಯಮ ಗಾತ್ರದ ಗೆಣಸು ಆರಿಸಿ, ಬೋಗುಣಿಯ ತಳಕ್ಕೆ ಹಳೆಯ ಪತ್ರಿಕೆ ಹಾಸಿ, ಪೂರ್ತಿ ಒಣಗಿ ತಣ್ಣಗಾದ ಮರಳು ಒಂದು ಪದರ, ಗೆಣಸು ಒಂದು ಪದರ ಎಂಬಂತೆ, ಒಂದಕ್ಕೊಂದು ತಾಗದ ಹಾಗೆ ಜೋಡಿಸಿ ನೆರಳಿನಲ್ಲಿ ಇಡುವುದು. ತಿಂಗಳಿಗೊಮ್ಮೆ ತೆರೆದು ಕೊಳೆತದ್ದನ್ನು ತೆಗೆಯಬೇಕು. ಮಳೆಗೆ ಆರರಿಂದ ಎಂಟು ವಾರ ಮೊದಲು ಬೇಲಿ ಇರುವ ಮಡಿಯಲ್ಲಿ ಅರ್ಧ ಮೀಟರಿಗೊಂದರಂತೆ ಹೂತು ನೀರು ಕೊಟ್ಟರೆ ಮಳೆ ಬೀಳುವ ಹೊತ್ತಿಗೆ ತುಂಡು ಸಿದ್ಧ. ಮರಳು ತುಸು ಹಸಿಯಿದ್ದರೂ ಬೋಗುಣಿಯಲ್ಲೇ ಮೊಳೆತು ಕೊಳೆಯುತ್ತದೆ. ಕೆಡುವುದು ಹೆಚ್ಚಾಗಿ ಇಲ್ಲೇ.

ನೀರಾವರಿ ಇರುವ ಕಡೆ ಕ್ರಮ ಬೇರೆ. ಒಂದು ಹೆಕ್ಟೇರಿಗೆ ಬೇಕಾದ ಬಳ್ಳಿಗೆ 80ರಿಂದ 100 ಕಿಲೋ ಗೆಣಸನ್ನು 100 ಚದರ ಮೀಟರಿನ ಮೊದಲ ಮಡಿಯಲ್ಲಿ ನೆಟ್ಟು, 40–45 ದಿನಕ್ಕೆ ಬಂದ ಬಳ್ಳಿಯನ್ನು 500 ಚದರ ಮೀಟರಿನ ಎರಡನೇ ಮಡಿಗೆ ದಾಟಿಸಿ, ಅಲ್ಲಿಂದ 20–30 ಸೆಂಟಿಮೀಟರ್ ಉದ್ದದ, ಮೂರರಿಂದ ಐದು ಗೆಣ್ಣಿನ ತುಂಡು ತೆಗೆಯುತ್ತಾರೆ. ಬಳ್ಳಿಯ ತುದಿಯ ಭಾಗವೇ ಉತ್ತಮ, ಬುಡದ ಭಾಗ ಬೇಡ. ಮೂತಿಹುಳು ಮೊಟ್ಟೆ ಇಡುವುದು ಬುಡದಲ್ಲೇ.

ಭೂ ಸೋನಾದ ಸರಾಸರಿ ಇಳುವರಿ ಹೆಕ್ಟೇರಿಗೆ 19.8 ಟನ್. ಅದರ ಜೊತೆಯಲ್ಲೇ ಬಂದ ನೇರಳೆ ತಿರುಳಿನ ‘ಭೂ ಕೃಷ್ಣ’ದ್ದು 18 ಟನ್, ನೂರು ಗ್ರಾಂಗೆ 90 ಮಿಲಿಗ್ರಾಂ ಆಂಥೋಸಯಾನಿನ್ ಎಂಬ ನೇರಳೆ ಬಣ್ಣದ ವಸ್ತು. ನೇರಳೆ ಬಣ್ಣ ವಿಟಮಿನ್ ಎ ಕೊಡುವುದಿಲ್ಲ ಎಂಬುದನ್ನು ಮಾರಾಟಗಾರರು ಆಗಾಗ ಮರೆಯುತ್ತಾರೆ. ನಮ್ಮ ರಾಜ್ಯದಲ್ಲಿ ಗೆಣಸು ಹೆಚ್ಚು ಬೆಳೆಯುವ ಬೆಳಗಾವಿ ಭಾಗದ ಮಾಲು ಉತ್ತರ ಭಾರತದ ಮಾರುಕಟ್ಟೆಗೂ ಹೋಗುತ್ತದೆ. ಅಲ್ಲಿ ಬೆಲೆ ನಿರ್ಧಾರವಾಗುವುದು ಸಿಪ್ಪೆಯ ಕೆಂಪಿನಿಂದ ಮತ್ತು ಆಕಾರದಿಂದ, ಒಳಗಿನ ತಿರುಳಿನಿಂದಲ್ಲ. ಕಿತ್ತಳೆ ತಿರುಳಿನ ಜೊತೆಗೆ ಆ ಕೆಂಪು ಸಿಪ್ಪೆಯನ್ನೂ ಕೊಟ್ಟರೆ ಮಾತ್ರ ಇಲ್ಲಿನ ರೈತ ತಳಿ ಬದಲಾಯಿಸಿಯಾನು.

ಮರಗೆಣಸಿನ ಬೇರೆ ಲೆಕ್ಕ

ಗೆಣಸಿನ ಈ ಸಲೀಸು ಮರಗೆಣಸಿಗಿಲ್ಲ. ಅದರ ಕಾಂಡ ಕವಲೊಡೆದಾಗಲೇ ಹೂ ಬರುವುದು, ರೈತನಿಗೆ ಬೇಕಾದದ್ದು ಕವಲಿಲ್ಲದೆ ನೇರ ಬೆಳೆಯುವ ಗಿಡ. ಹೀಗಾಗಿ ರೈತ ಮೆಚ್ಚಿದ ತಳಿ ಸಂಕರಕ್ಕೇ ಸಿಗುವುದಿಲ್ಲ. ಒಂದೇ ಗೊಂಚಲಿನಲ್ಲಿ ಹೆಣ್ಣು ಹೂ ಮೊದಲು ಅರಳಿ ಒಂದೆರಡು ವಾರದ ಮೇಲೆ ಗಂಡು ಹೂ. ಕಾಯಿಗೆ ಮೂರೇ ಬೀಜ, ಬಲಿತರೆ ಸಿಡಿದು ಹೋಗುವುದರಿಂದ ಮೊದಲೇ ಬಟ್ಟೆಚೀಲ ಕಟ್ಟಬೇಕು. ಗೆಡ್ಡೆ ನೋಡಲು ಹತ್ತು ಹನ್ನೆರಡು ತಿಂಗಳು. ಒಂದು ಗಿಡದಿಂದ ವರ್ಷಕ್ಕೆ ಸಿಗುವುದು ಹತ್ತರ ಸುಮಾರು ಕಾಂಡದ ತುಂಡು.

ಇಲ್ಲೂ ದೊಡ್ಡ ಶತ್ರು ಬಿಳಿ ನೊಣ ಹರಡುವ ಮೊಸಾಯಿಕ್ ರೋಗ. 1930ರ ದಶಕದಲ್ಲಿ ಟ್ಯಾಂಗನೀಕದ (ಇಂದಿನ ಟಾಂಜಾನಿಯಾದ) ಅಮಾನಿಯಲ್ಲಿ ಮರಗೆಣಸನ್ನು ಅದರ ಕಾಡುನೆಂಟ ಮನಿಹಾಟ್ ಗ್ಲಾಜಿಯೋವಿಯೊಡನೆ ಕೂಡಿಸಿ ಸಿಕ್ಕ ನಿರೋಧಕತೆಯೇ ಮುಂದೆ ನೈಜೀರಿಯಾದ ಇಬಾದಾನ್‌ನಲ್ಲಿರುವ ಅಂತರರಾಷ್ಟ್ರೀಯ ಉಷ್ಣವಲಯ ಕೃಷಿ ಸಂಸ್ಥೆಯ ತಳಿಗಳಿಗೆ ಬುನಾದಿಯಾಯಿತು. ಆಮೇಲೆ ಪಶ್ಚಿಮ ಆಫ್ರಿಕಾದ ನಾಟಿ ಮರಗೆಣಸಿನಲ್ಲಿ ಒಂದೇ ವಂಶವಾಹಿಯ ಬಲವಾದ ನಿರೋಧಕತೆ ಸಿಕ್ಕಿತು. ಅದಕ್ಕೆ ಕಾರಣವಾದ ವಂಶವಾಹಿ ಯಾವುದೆಂದು 2022ರಲ್ಲಷ್ಟೇ ಗೊತ್ತಾಯಿತು: ಡಿಎನ್‌ಎ ನಕಲು ಮಾಡುವ ಕಿಣ್ವದ ಒಂದು ಭಾಗ. ಇದರಲ್ಲಿ ಒಂದು ವಿಚಿತ್ರವಿದೆ. ಇಂಥ ಗಿಡದ ಜೀವಕೋಶಗಳನ್ನು ಪ್ರಯೋಗಾಲಯದಲ್ಲಿ ಗಡ್ಡೆಗಟ್ಟಿಸಿ ಭ್ರೂಣದ ಹಂತದಿಂದ ಮತ್ತೆ ಗಿಡ ಮಾಡಿದರೆ ಎಷ್ಟೋ ಬಾರಿ ನಿರೋಧಕ ಶಕ್ತಿಯೇ ಮಾಯ. ಅಂಗಾಂಶ ಕೃಷಿಯಿಂದ ಬಂದದ್ದೆಲ್ಲ ಶುದ್ಧ ಎಂದು ನಂಬುವವರು ಇದನ್ನು ಗಮನಿಸಬೇಕು. ನೈಜೀರಿಯಾ ಮೂಲದ ಎಂಎನ್‌ಜಿಎ-1 ಎಂಬ ನಿರೋಧಕ ತಳಿ ಶ್ರೀಕಾರ್ಯಂಗೆ ಬಂದು ‘ಶ್ರೀ ಪದ್ಮನಾಭ’ ಎಂಬ ಹೆಸರು ಪಡೆಯಿತು.

2011ರಲ್ಲಿ ನೈಜೀರಿಯಾ ಹಳದಿ ತಿರುಳಿನ ಮೂರು ಮರಗೆಣಸು ತಳಿಗಳನ್ನು ಬಿಡುಗಡೆ ಮಾಡಿತು, ಉದ್ದೇಶ ಅದೇ ವಿಟಮಿನ್ ಎ. ಎಣಿಸದೆ ಬಂದ ಲಾಭವೂ ಒಂದಿದೆ. ಕಿತ್ತ ಮರಗೆಣಸು ಎರಡು ಮೂರು ದಿನದಲ್ಲಿ ಒಳಗೆ ನೀಲಿಗಪ್ಪು ಗೆರೆ ಹಿಡಿದು ಕೆಡುತ್ತದೆ, ಕ್ಯಾರೊಟಿನ್ ಹೆಚ್ಚಿರುವ ತಿರುಳಿನಲ್ಲಿ ಇದು ನಿಧಾನ. ತಮಿಳುನಾಡಿನ ಸೇಲಂ ಸುತ್ತಲಿನ ಕಾರ್ಖಾನೆಗಳ ಕತೆಯೇ ಬೇರೆ. ನಮ್ಮ ಪಾಯಸದ ಸಬ್ಬಕ್ಕಿ ತಯಾರಾಗುವುದು ಅಲ್ಲಿ, ಮರಗೆಣಸಿನ ಪಿಷ್ಟದಿಂದ. ಅಲ್ಲಿನ ರೈತರು 1971ರಲ್ಲಿ ಬಂದ ‘ಎಚ್-226’ ತಳಿಯನ್ನು ಇಂದಿಗೂ ಬೆಳೆಯುತ್ತಾರೆ. ಪಿಷ್ಟಕ್ಕೆಂದೇ ಶ್ರೀಕಾರ್ಯಂನಲ್ಲಿ ವರ್ಣತಂತುಗಳ ಜೊತೆಯನ್ನು ಎರಡರಿಂದ ಮೂರಕ್ಕೇರಿಸಿ ‘ಶ್ರೀ ಹರ್ಷ’ ರೂಪಿಸಿದರು. ಆ ಗಿರಣಿಗಳಿಗೆ ಬೇಕಾದದ್ದು ಪಿಷ್ಟ ಮತ್ತು ಬಿಳುಪು. ಮಗುವಿನ ತಟ್ಟೆಗೆ ಒಳ್ಳೆಯದಾದ ಹಳದಿ ತಿರುಳು ಅಲ್ಲಿಗೆ ಹೋದರೆ ಸಬ್ಬಕ್ಕಿಯ ಬಣ್ಣ ಕೆಟ್ಟಿತೆಂದು ಬೆಲೆ ಇಳಿಯುತ್ತದೆ. ಆದ್ದರಿಂದ ಒಂದೇ ಬೆಳೆಯಲ್ಲಿ ಊಟಕ್ಕೊಂದು, ಗಿರಣಿಗೊಂದು ಎಂದು ಎರಡು ಸಾಲಿನ ತಾಯಿ ಗಿಡಗಳನ್ನು ಮೊದಲ ಸಂಕರದಿಂದಲೇ ಬೇರೆ ಬೇರೆ ಇಡುತ್ತಾರೆ.